ತುಂಬಿ ತುಳುಕಿದ ಬ್ರೇಕ್ ಆಯಿಲ್

ಪತ್ತೇದಾರಿ ಕಥೆ ಹೇಳುವ ಚಾಕಚಕ್ಯತೆ ಈ ಕೈಗಿದೆಯೋ ಇಲ್ಲವೋ ಎಂಬ ಅಳುಕಿನಿಂದಲೇ ಶುರುಮಾಡಬೇಕಾಗಿದೆ. ಎಲ್ಲಾದರೂ ಎಡವಿದರೆ ಓದುಗರು ಹೊಟ್ಟೆಗೆ ಹಾಕಿಕೊಳ್ಳಬೇಕು.

ರೇಸಿನ ದಿನ ಬೆಳಿಗ್ಗೆ, ಅಭ್ಯಾಸದ ಓಟದಲ್ಲಿ, ಮೊದಲ ತಿರುವಿನಲ್ಲೇ ಬೈಕು ತಿರುಗಲಿಲ್ಲ. ಸವಾರ ಬ್ರೇಕ್ ಹಿಡಿದ. ಅದು ಕಚ್ಚಲಿಲ್ಲ. ಬೈಕು ನೆಟ್ಟಗೆ ಹೋಗಿ ಟೈರಿನ ಗೋಡೆಗೆ ಗುದ್ದಿತು. ಅವನ ಕಾಲು ಮುರಿಯಿತು.

ಹಿಂದಿನ ದಿನ ಆ ಬೈಕಿಗೆ ಹೊಸ ಬ್ರೇಕ್ ಪ್ಯಾಡ್ ಹಾಕಿದವಳು ಅವನ ಅಕ್ಕ, ತಂಡದ ಮೆಕ್ಯಾನಿಕ್.

ಶೆಡ್ಡಿನಲ್ಲಿ ಮ್ಯಾನೇಜರ್ ಬಿಚ್ಚಿದ ಪ್ಯಾಡನ್ನು ಅವಳ ಮೂಗಿನ ಮುಂದೆ ಹಿಡಿದರು. ಒಂದೆರಡು ಗೀರು ಬಿಟ್ಟರೆ ಡಬ್ಬಿಯಿಂದ ಆಗಷ್ಟೇ ತೆಗೆದಂತಿತ್ತು.

"ಪಳಗಿಸದೆ ಟ್ರ್ಯಾಕಿಗೆ ಬಿಟ್ಟಿದ್ದೀಯಲ್ಲಮ್ಮ!"

"ಪಳಗಿಸಿದ್ದೀನಿ ಸಾರ್. ನಾನೇ ಓಡಿಸಿ."

"ಹಾಗಾದ್ರೆ ಇದೇನು?"

"ಅದನ್ನೇ ನಾನೂ ಕೇಳ್ತಿರೋದು."

"ತಪ್ಪಾಯ್ತು ಅಂದ್ಬಿಡು. ಈ ಸೀಸನ್ ಮನೇಲಿರು, ಆಮೇಲೆ ನೋಡೋಣ."

"ಅನ್ನಲ್ಲ. ತಮ್ಮನ ಕಾಲು ನಾನೇ ಮುರಿದೆ ಅಂತ ನನ್ನ ಬಾಯಲ್ಲಿ ಬರಲ್ಲ."

*

ಹೊಸ ಪ್ಯಾಡ್ ಹಾಕಿದ ಕೂಡಲೇ ರೇಸಿಗೆ ಇಳಿಯುವಂತಿಲ್ಲ. ವೇಗ ಹಿಡಿದು, ಬ್ರೇಕ್ ಒತ್ತಿ ತಗ್ಗಿಸಬೇಕು, ಪೂರ್ತಿ ನಿಲ್ಲಿಸಬಾರದು. ಮತ್ತೆ ಮತ್ತೆ, ಸ್ವಲ್ಪ ಸ್ವಲ್ಪ ಬಿಗಿಯಾಗಿ. ಆಮೇಲೆ ಆರಲು ಬಿಡಬೇಕು. ಆಗ ಪ್ಯಾಡಿನ ತೆಳು ಪದರ ಚಕ್ರದ ಜೊತೆ ತಿರುಗುವ ಉಕ್ಕಿನ ಡಿಸ್ಕಿಗೆ ಮೆತ್ತಿಕೊಳ್ಳುತ್ತದೆ, ಹಿಡಿತ ಬರುತ್ತದೆ.

ಅವಳು ಮಂಡಿಯೂರಿ ಡಿಸ್ಕ್ ನೋಡಿದಳು. ಬೂದು ಪದರ, ಎಲ್ಲ ಕಡೆ ಒಂದೇ ಸಮ.

"ಸಾರ್, ನಿನ್ನೆ ಈ ಡಿಸ್ಕ್ ಉಜ್ಜಿ ಹಳೇ ಪದರ ತೆಗೆದಾಗ 'ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು' ಅಂದ್ರಿ. ಈಗ ಬಾಚ್ಕೊಳ್ಳಿ ನೋಡೋಣ."

ಮ್ಯಾನೇಜರ್ ಬಗ್ಗಿದರು. ಮುಖ ಕಾಣಲಿಲ್ಲ.

"ಡಿಸ್ಕ್ ಪಳಗಿದೆ, ಪ್ಯಾಡ್ ಪಳಗಿಲ್ಲ. ಅಂದ್ರೆ ಇವು ನಾನು ಹಾಕಿದ ಪ್ಯಾಡಲ್ಲ. ಯಾರೋ ಬದಲಾಯಿಸಿದ್ದಾರೆ."

"ಬೆಳಿಗ್ಗೆ ಪಕ್ಕದ ತಂಡದ ಟೈರಿನವನು ಒಳಗೆ ಬಂದಿದ್ದ."

"ಅವನ ಕೈ ಯಾವಾಗ್ಲೂ ಇದ್ದಲು. ಈ ಬಿಳಿ ರಿಮ್ ಮುಟ್ಟಿದ್ರೆ ಹೀಗೆ ಬೆಳ್ಳಗಿರ್ತಿತ್ತಾ?"

*

ಹ್ಯಾಂಡಲ್ ಮೇಲಿನ ಬ್ರೇಕ್ ಆಯಿಲ್ ಡಬ್ಬಿಯ ಕೆಳಗೆ ಬೈಕಿನ ಬಣ್ಣ ಸುಕ್ಕುಗಟ್ಟಿತ್ತು. ಬ್ರೇಕ್ ಆಯಿಲ್ ಬಿದ್ದರೆ ಬಣ್ಣ ಕರಗುತ್ತದೆ; ಇದು ತನ್ನದೇ ತಪ್ಪೇ ಎಂದುಕೊಂಡಳು. ಆಯಿಲನ್ನು ಕಂಠಪೂರ್ತಿ ತುಂಬಿಸುವುದು ಅವಳ ಕೆಟ್ಟ ಚಾಳಿ. ತಮ್ಮ ಬೈಯದ ದಿನವಿಲ್ಲ.

ಆದರೆ ಪ್ಯಾಡ್ ಬದಲಿಸುವವನು ಡಬ್ಬಿಯ ಮುಚ್ಚಳ ತೆಗೆದು, ಪ್ಯಾಡನ್ನು ಒತ್ತುವ ಪಿಸ್ಟನ್ ಹಿಂದಕ್ಕೆ ತಳ್ಳುತ್ತಾನೆ. ಆಗ ಆಯಿಲ್ ಮೇಲೇರುತ್ತದೆ. ಕಂಠಪೂರ್ತಿ ತುಂಬಿದ್ದರೆ ತುಳುಕುತ್ತದೆ. ಒರೆಸುವವನ ಕೈಗೂ ಮೆತ್ತುತ್ತದೆ.

ಅವಳು ತಲೆಯೆತ್ತಿದಳು. ಬಾಗಿಲಲ್ಲಿ, ಎಲ್ಲರೂ 'ಹೀರೋ' ಎಂದು ಕರೆಯುವವನು ನಿಂತಿದ್ದ. ತಂಡದ ಎರಡನೆಯ ಸವಾರ; ತಮ್ಮನ ಬದಲು ಮಧ್ಯಾಹ್ನ ರೇಸಿಗೆ ಇಳಿಯುವವನು. ತಾನೇ ಬಣ್ಣ ಬಳಿದ ಹೊಸ ಹೆಲ್ಮೆಟ್ ಕೈಯಲ್ಲಿತ್ತು. ಅದರ ಗದ್ದದ ಮೇಲೆ ನಾಲ್ಕು ಬೆರಳಿನ ಗುರುತು, ಬಣ್ಣ ಕರಗಿ ಮುದುಡಿತ್ತು.

"ಏನಪ್ಪಾ, ಹೆಲ್ಮೆಟ್ಟಿಗೆ ಸಿಡುಬು ಎದ್ದಿದೆಯಲ್ಲ?"

"ಬ್ರೇಕ್ ಆಯಿಲ್ ತಾಗಿರಬೇಕು ಅಕ್ಕ. ನನ್ನ ಬೈಕಿಂದು."

"ನಿನ್ನ ಬೈಕಿನ ಚೈನಿಗೆ ಎಣ್ಣೆ ಬಿಡೋಕೂ ನನ್ನನ್ನೇ ಕೂಗ್ತೀಯ. ಬ್ರೇಕ್ ಯಾವತ್ತು ಮುಟ್ಟಿದೆ?"

ಹೀರೋ ಹೆಲ್ಮೆಟ್ಟನ್ನು ಬೆನ್ನ ಹಿಂದೆ ಸರಿಸಿದ.

"ಬ್ಯಾಗ್ ತೆಗಿ" ಎಂದರು ಮ್ಯಾನೇಜರ್.

ಬಟ್ಟೆಯಲ್ಲಿ ಸುತ್ತಿದ ಪ್ಯಾಡುಗಳು ಹೊರಬಂದವು. ಪಳಗಿದ, ಒಂದೇ ಸಮ ಸವೆದ ಪ್ಯಾಡುಗಳು.

"ಅವನು ಸ್ವಲ್ಪ ಹಿಂದೆ ಬೀಳ್ಲಿ ಅಂತಷ್ಟೇ..." ಹೀರೋ ತೊದಲಿದ.

ಮ್ಯಾನೇಜರ್ ಅವಳ ಕಡೆ ತಿರುಗಿದರು. "ತಪ್ಪಾಯ್ತಮ್ಮ."

"ನೋಡಿ, ಹೇಳೋದು ಎಷ್ಟು ಸುಲಭ!" ಎಂದಳು.

*

ಆಸ್ಪತ್ರೆಯಲ್ಲಿ ಎಲ್ಲ ಕೇಳಿ ತಮ್ಮ ಹುಬ್ಬು ಗಂಟಿಕ್ಕಿದ. "ಆಯಿಲ್ ತುಂಬಿಸ್ಬೇಡ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ!"

"ಇನ್ಮೇಲೂ ತುಂಬಿಸ್ತೀನಿ. ಏನ್ ಮಾಡ್ತೀಯೋ ಮಾಡು."

ಹೀರೋ ಬಯಸಿದ್ದು ತಮ್ಮ ರೇಸಿನಲ್ಲಿ ಹಿಂದೆ ಬೀಳುವುದನ್ನೋ, ಆ ಟೈರಿನ ಗೋಡೆಯನ್ನೋ? ಅದು ಅಕ್ಕನಿಗೂ ಗೊತ್ತಾಗಲಿಲ್ಲ. ಇದನ್ನು ಬರೆದ ಕೈಗೂ ಗೊತ್ತಿಲ್ಲ.