ನಡುವಿನ ಒಂಟಿ ಕಾಲಾಳು

"ಮೋಸ! ಇದು ಶುದ್ಧ ಮೋಸ!"

ಸಕಲೇಶಪುರದ ಚೆಸ್ ಪಂದ್ಯದಲ್ಲಿ ಮೋನಿಕಾ ಎದ್ದು ನಿಂತು ಕೂಗಿದಾಗ, ಎದುರಿಗಿದ್ದ, ಹೆಗ್ಗದ್ದೆ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮಹೇಶನ ಕೈಯಲ್ಲಿ ಅವಳ ಕಾಲಾಳು ಇತ್ತು.

ಅದನ್ನು ಅವಳು ಎರಡು ಮನೆ ನಡೆಸಿ ಅವನ ಕಾಲಾಳಿನ ಪಕ್ಕದಲ್ಲೇ ನಿಲ್ಲಿಸಿದ್ದಳು. ಅದು ಒಂದೇ ಮನೆ ನಡೆದಿದೆಯೆಂಬಂತೆ ಅವನು ಓರೆಯಾಗಿ ಹೊಡೆದುಬಿಟ್ಟಿದ್ದ!

"ನಿಯಮ ಐತೆ ಕಣ್ರೀ, ಕೇಳಿ ಇಲ್ಲಿ..."

"ಯಾವೂರ ನಿಯಮ?"

ಅವಳ ಊರು ಕುಂದೂರಿನಲ್ಲಿ ತಾತ ಮಹಾದೇವಯ್ಯ ಕಲಿಸಿದ ಆಟದಲ್ಲಿ ಕಾಲಾಳು ಒಂದೊಂದೇ ಮನೆ ನಡೆಯುವುದು. ಎರಡು ಮನೆಯ ನಡೆಯನ್ನು ಕಾಲೇಜಿನಲ್ಲಿ ಕಲಿತಿದ್ದಳು, ಈ ಹೊಡೆತವನ್ನಲ್ಲ. ಮೂಗಿನ ತುದಿಯಲ್ಲೇ ಕೋಪ ಅವಳಿಗೆ! ತೀರ್ಪುಗಾರರು ಬಾಯಿ ತೆರೆಯುವ ಮೊದಲೇ ಆಟ ಬಿಟ್ಟು ಹೊರಟಳು.

ಮಹೇಶ ಬಸ್‌ಸ್ಟ್ಯಾಂಡಿನವರೆಗೂ ಓಡಿ ಬಂದ. "ಹೋಗ್ಬೇಡ್ರೀ... ಆ ಹೊಡೆತದಿಂದ ಕೆಟ್ಟಿದ್ದು ನನ್ನಾಟ. ನೀವೇ ಗೆಲ್ತಿದ್ರಿ."

'ಗೇಲಿ ಬೇರೆ ಮಾಡ್ತಾನೆ!' ಅವಳು ತಿರುಗಿಯೂ ನೋಡಲಿಲ್ಲ.

ಮುಂದೆ ಕಾಲೇಜಿನ ಮೇಷ್ಟ್ರು ಆ ನಿಯಮ ನಿಜವೆಂದಾಗ ಅವಳು ನೇರ ಮನೆಗೆ ಓಡಿದಳು. ಅದೇ ಆಟವನ್ನು ಮತ್ತೆ ಹೂಡಿ ನೋಡಿದಳು. ಹೊಡೆಯಲು ಹೋಗಿ ಪಕ್ಕದ ಕಾಲಾಳು ಸರಿದಿದ್ದರಿಂದ, ಅವನ ನಡುವಿನ ಕಾಲಾಳು ಒಂಟಿಯಾಗಿತ್ತು. ಒತ್ತಾಸೆಗೆ ನೆರೆಯ ಕಾಲಾಳೇ ಇಲ್ಲದ ಮೇಲೆ ಅದು ಎಷ್ಟು ಹೊತ್ತು ಉಳಿದೀತು? ಅವನು ಹೇಳಿದ್ದು ನಿಜ... ಏದುಸಿರಲ್ಲಿ ನಿಂತಿದ್ದ ಆ ಮುಖ ಅವಳನ್ನು ನಿದ್ದೆ ಮಾಡಗೊಡಲಿಲ್ಲ.

ಹೆಗ್ಗದ್ದೆಯ ಗೆಳತಿ ಆಶಾ ಗಾಯಕ್ಕೆ ಉಪ್ಪು ಸುರಿದಳು. "ಎಸ್ಟೇಟಲ್ಲಿ ಎಲ್ರೂ ಅವ್ನನ್ನ ಮೋಸದ ರೈಟರ್ ಅಂತಾರೆ ಕಣೇ. ಪಾಪ, ಆಟನೇ ಬಿಟ್‌ಬುಟ್ಟ."

'ನಾನೇ ನಾಲ್ಕು ಜನರ ಮುಂದೆ ಹಚ್ಚಿದ ಮಸಿ. ನಾಲ್ಕು ಜನರ ಮುಂದೆಯೇ ತೊಳೀತೀನಿ!'

ಭಾನುವಾರ ಹೆಗ್ಗದ್ದೆಯ ಕಾಫಿ ಒಣಗಿಸುವ ಕಣದಲ್ಲಿ, ಕೂಲಿ ಲೈನಿನ ಮನೆಗಳ ಜನರೆಲ್ಲ ನೋಡುತ್ತಿರುವಾಗ, ಅವಳು ಕಾಯಿಗಳನ್ನು ಅಂದು ಬಿಟ್ಟಿದ್ದಂತೆಯೇ ಜೋಡಿಸಿದಳು.

"ನಡೆ ನಂದಿತ್ತು. ಮುಗಿಸೋಣ. ಬೇಕಂತ ಸೋತ್ರೆ ಎದ್ದೋಗ್ತೀನಿ!"

ಮಹೇಶ ಎದುರಿಗೆ ಬಂದು ಕೂತ.

ಅವಳು ಒಂಟಿ ಕಾಲಾಳಿನ ಮುಂದೆ ಕುದುರೆ ನಿಲ್ಲಿಸಿದಳು. ಅದು ಅಲ್ಲಾಡದಂತಾಯಿತು. ಆನೆಗಳಿಂದ ಅದಕ್ಕೇ ಗುರಿಯಿಟ್ಟಳು. ಅವನೂ ಸುಮ್ಮನೆ ಬಿಡಲಿಲ್ಲ, ಇದ್ದಬದ್ದ ಬಲವನ್ನೆಲ್ಲ ಕಾವಲಿಗೆ ತಂದ. ಬಿಸಿಲು ಇಳಿಯುವ ಹೊತ್ತಿಗೆ ಕಾಲಾಳು ಬಿತ್ತು, ಅದರ ಹಿಂದೆಯೇ ಅವನ ಆಟವೂ.

"ಸೋತೆ," ಎಂದ.

ಮೋನಿಕಾ ಎದ್ದು ನಿಂತಳು. "ಎಲ್ರೂ ಕೇಳಿ! ಇವ್ರು ಅವತ್ತು ಹೊಡೆದಿದ್ದು ನಿಯಮದ ಪ್ರಕಾರಾನೇ. ಗೊತ್ತಿಲ್ದೆ ಮೋಸ ಅಂದೋಳು ನಾನು. ಬೈಯೋದಾದ್ರೆ ನನ್ನ ಬೈಯ್ರಿ."

ಎಸ್ಟೇಟಿನ ಮೇಸ್ತ್ರಿ ದ್ಯಾವಯ್ಯ ತಲೆಯ ಟವೆಲ್ ತೆಗೆದ. "ನಾವೂ ತಪ್ಪು ಮಾಡ್ಬುಟ್ವಿ, ರೈಟರಪ್ಪಾ."

ಜನ ಚದುರಿದ ಮೇಲೆ ಮಹೇಶ ಮೆಲ್ಲಗೆ ಕೇಳಿದ. "ಕ್ಷಮೆ ಕೇಳೋಕೆ ಯಾರಾದ್ರೂ ಸೋಲಿಸಿ ಕೇಳ್ತಾರೇನ್ರೀ?"

"ಸುಮ್ನೆ ಅತ್ಕೊಂಡು ಬಂದಿದ್ರೆ ಕನಿಕರ ಪಡ್ತಿದ್ರಿ. ನಂಗೆ ನಿಮ್ಮ ಕನಿಕರ ಬೇಡ."

"ಮತ್ತೇನ್ ಬೇಕು?"

ಅವಳು ತಲೆ ತಗ್ಗಿಸಲಿಲ್ಲ.

"ನೀವು."

ಅವನ ಕಣ್ಣು ತುಂಬಿ ಬಂತು. "ಅವತ್ತು ಬಸ್‌ಸ್ಟ್ಯಾಂಡಿಗೆ ಓಡಿ ಬಂದಿದ್ದು ಬರೀ ಆಟಕ್ಕಲ್ಲ ಕಣ್ರೀ. ನಾಳೆ ಕುಂದೂರಿಗೆ ಬಂದು ನಿಮ್ಮ ತಾತನ ಹತ್ರ ಮಾತಾಡ್ಲಾ?"

"ನಾಳೆ ಯಾಕೆ? ಕೊನೇ ಬಸ್ಸು ಇನ್ನೂ ಹೋಗಿಲ್ಲ... ಅಂಗಿ ಬದಲಾಯಿಸ್ಕೊಂಡು ಬನ್ನಿ!"