ವಾರಕ್ಕೆ ಒಂದೇ ಕಿಲೋ

“ಮೂರು ವಾರದಲ್ಲಿ ಎಂಟು ಕಿಲೋ ಇಳಿಸ್ಬೇಕು ಮ್ಯಾಡಮ್. ಏನ್ ಹೇಳಿದ್ರೂ ಮಾಡ್ತೀನಿ.”

ಬಾಗಿಲು ತಳ್ಳಿಕೊಂಡು ಬಂದವನು ಒಂದು ನಮಸ್ಕಾರವನ್ನೂ ಹೇಳಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತ. ಕೂತ ಮೇಲೂ ಬಲಗಾಲು ಕುಣಿಯುತ್ತಲೇ ಇತ್ತು. ತಮಿಳು ಸೀಮೆಯ ಪೆರುಂಗುಡಿಯ ಈ ಆಸ್ಪತ್ರೆಯಲ್ಲಿ ನಾನು ಡಯಟೀಶಿಯನ್ ಆಗಿ ಆರು ವರ್ಷ. ಇಂಥ ಅವಸರದವರು ದಿನಕ್ಕೆ ನಾಲ್ಕು ಜನ ಬರುತ್ತಾರೆ. ಬಾಗಿಲ ಮೇಲೆ ‘ಪಾವನಾ ಅಂದಾನಿ’ ಎಂಬ ನನ್ನ ಹೆಸರು ನೋಡಿದ ಕೂಡಲೇ ಕನ್ನಡದವರಿಗೆ ಇನ್ನೂ ಸಲಿಗೆ.

“ಯಾರ ಮದುವಿ ಐತ್ರೀ? ನಿಮ್ದಾ?” ಎಂದೆ, ಸ್ವಲ್ಪ ಚುಚ್ಚಿಯೇ.

“ಇಲ್ಲ. ಅಪ್ಪಂಗೆ ಲಿವರ್ ಕೊಡ್ಬೇಕು.”

ನನ್ನ ನಾಲಿಗೆಗಿಷ್ಟು ಬೆಂಕಿ ಹಾಕಬೇಕು. ಫೈಲು ತೆಗೆದೆ. ಗುರುಚರಣ, ಮೂವತ್ತೊಂದು ವರ್ಷ, ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ತಂದೆ ಮಧ್ವರಾಜರು, ಇನ್ಶೂರೆನ್ಸ್ ಕಂಪನಿಯಿಂದ ನಿವೃತ್ತರು. ರಕ್ತದ ಗುಂಪು ಮೊದಲಾಗಿ ಉಳಿದಿದ್ದೆಲ್ಲ ಹೊಂದುತ್ತಿತ್ತು. ಆದರೆ ಮಗನ ಲಿವರಿನಲ್ಲೂ ಕೊಬ್ಬು ಕೂತಿತ್ತು. ಎಂಟು ಕಿಲೋ ಇಳಿಸಿ ಬರಲಿ, ಮತ್ತೆ ಸ್ಕ್ಯಾನ್ ಮಾಡೋಣ ಎಂದಿದ್ದರು ಸರ್ಜನ್. ತಂದೆ ಕಾಯಬಲ್ಲದ್ದು ಹೆಚ್ಚೆಂದರೆ ಎರಡು ತಿಂಗಳು.

“ವಾರಕ್ಕ ಅರ್ಧದಿಂದ ಒಂದು ಕಿಲೋ, ಅಷ್ಟ. ಅದಕ್ಕಿಂತ ಜೋರ್ ಇಳಿಸಿದ್ರ ಹೋಗೋದು ನೀರು, ಸ್ನಾಯು. ಮ್ಯಾಲೆ ಪಿತ್ತಕೋಶದಾಗ ಕಲ್ಲು. ಎಂಟು ವಾರ ಅದಾವ, ಎಂಟು ಕಿಲೋ ಇಳಸೋಣ.”

“ಕೊಂಜ, ಸ್ವಲ್ಪ ಬೇಗ ಆಗಲ್ವಾ?” ಎಂದ, ತಮಿಳು ಬೆರೆಸಿ.

“ಆಗಂಗಿಲ್ಲ.”

ಅವನು ಮೊದಲ ಸಲ ನಕ್ಕ. “ಸರ್ಜನ್ ಹತ್ರ ಕೂಡ ಇಷ್ಟು ಭಯ ಆಗ್ಲಿಲ್ಲ ಮ್ಯಾಡಮ್, ಸತ್ಯಮಾ.” ನಗುವಾಗ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ನಾನು ಯಾಕೆ ಅದನ್ನು ನೋಡಿದೆನೋ, ದೇವರಿಗೇ ಗೊತ್ತು.

ಬೆಳಿಗ್ಗೆ ಆರೂವರೆಗೆ ತೂಕದ ಫೋಟೋ, ಮಲಗುವ ಮುಂಚೆ ಊಟದ ಡೈರಿಯ ಫೋಟೋ ಕಳಿಸಬೇಕು. ಇದು ಎಲ್ಲರಿಗೂ ನನ್ನ ನಿಯಮ. ಅವನ ಫೋಟೋದಲ್ಲಿ ಅಂಕಿಯ ಜೊತೆಗೆ ಹತ್ತೂ ಕಾಲ್ಬೆರಳು ಬರುತ್ತಿದ್ದವು.

“ಉಗುರು ತಕ್ಕೋರಿ ಮೊದ್ಲು” ಎಂದು ಬರೆದೆ.

ಮರುದಿನ ಉಗುರು ಕತ್ತರಿಸಿದ್ದ. “ಐದು ಗ್ರಾಂ ಲಾಭ ಮ್ಯಾಡಮ್” ಎಂದು ಕೆಳಗೆ ಬರೆದಿದ್ದ.

ಆಮೇಲೆ ಆರೂವರೆಗೆ ಮೊದಲೇ ನನಗೆ ಎಚ್ಚರವಾಗತೊಡಗಿತು. ಫೋನು ಕೈಯಲ್ಲಿ ಹಿಡಿದು ಹಾಸಿಗೆಯಲ್ಲಿ ಹೊರಳಾಡುತ್ತಿದ್ದೆ. ಕೋಯಂಬೇಡು ಮಾರ್ಕೆಟ್ಟಿನಿಂದ ಚೀಲಗಟ್ಟಲೆ ಸೊಪ್ಪು ಹೊತ್ತು ತರುತ್ತಿರುವ ಫೋಟೋ ಬಂದ ದಿನ, ಸೊಪ್ಪನ್ನು ಬಿಟ್ಟು ತೋಳನ್ನೇ ನೋಡಿದೆ. ಎರಡು ವಾರಕ್ಕೆ ಸರಿಯಾಗಿ ಎರಡು ಕಿಲೋ ಇಳಿದಿದ್ದ.

ಮೂರನೇ ವಾರ ಅಂಕಿ ನಿಂತಿತು. ನೂರು ಗ್ರಾಂ ಕೂಡ ಅಲುಗಲಿಲ್ಲ.

ಡೈರಿಯಲ್ಲಿ ಗುರುವಾರ ರಾತ್ರಿ ‘ಊಟ ಇಲ್ಲ’, ಶನಿವಾರ ರಾತ್ರಿ ‘ಊಟ ಇಲ್ಲ’ ಎಂದಿತ್ತು. ಕದ್ದು ಉಪವಾಸ ಬೀಳುತ್ತಿದ್ದಾನೆ ಎಂದು ನನಗೆ ಮೈಯೆಲ್ಲ ಉರಿಯಿತು. ಫೋನಿನಲ್ಲೇ ಬೈದು, ಆ ಎರಡು ದಿನ ಮಧ್ಯಾಹ್ನದ ಊಟ ಹೆಚ್ಚಿಸಿದೆ. ನಾಲ್ಕನೇ ವಾರ ತೂಕ ಮುನ್ನೂರು ಗ್ರಾಂ ಏರಿತು. ನನ್ನ ತಲೆ ಕೆಟ್ಟುಹೋಯಿತು. ಕರೆಸಿ ಕೇಳಿಯೇಬಿಟ್ಟೆ.

“ಡೈರಿಯೊಳಗ ಸುಳ್ಳು ಬರೀತೀರೇನ್ರೀ?”

ಕುಣಿಯುತ್ತಿದ್ದ ಕಾಲು ನಿಂತಿತು. “ನಮ್ಮಪ್ಪನ ವಿಷಯದಲ್ಲಿ ಸುಳ್ಳು ಹೇಳೋ ಆಸಾಮಿ ಥರ ಕಾಣ್ತೀನಾ?” ಎಂದವನು ಎದ್ದು ಹೋದ.

ಮರುದಿನ ಫೋಟೋ ಇಲ್ಲ. ಅದರ ಮರುದಿನವೂ ಇಲ್ಲ. ಎರಡು ದಿನ ನಾನು ಬೇರೆ ಪೇಶೆಂಟುಗಳಿಗೆ ಏನು ಹೇಳಿದೆನೋ ನೆನಪಿಲ್ಲ. ಶನಿವಾರ ಸಂಜೆ ತಡೆಯಲಾಗದೆ, ಫೈಲಿನಲ್ಲಿದ್ದ ಅಡ್ರೆಸ್ ಹಿಡಿದು ಪಶ್ಚಿಮ ಮಾಂಬಲದ ಅವರ ಮನೆಗೆ ಹೋದೆ.

ಬಾಗಿಲು ತೆಗೆದದ್ದು ಅವನ ತಾಯಿ ಜಯಲಕ್ಷ್ಮಮ್ಮ. “ಡಯಟ್ ಮ್ಯಾಡಮ್ಮಾ? ಬಾಮ್ಮಾ ಬಾ. ಅವನನ್ನ ಬೈಬೇಡ, ಪಾಪ. ಇವರಿಗೆ ಗುಣ ಆಗ್ಲಿ ಅಂತ ನಾನು ಎರಡು ವಾರದಿಂದ ಗುರುವಾರ, ಶನಿವಾರ ಒಪ್ಪತ್ತು ಹಿಡಿದಿದೀನಿ. ನನ್ನ ಜೊತೆ ಅವನೂ ರಾತ್ರಿ ಊಟ ಬಿಟ್ಟಿದಾನೆ, ಬರೀ ಫಲಾಹಾರ.”

ಒಳಗೆ ಗುರುಚರಣ ಫಲಾಹಾರಕ್ಕೆ ಕೂತಿದ್ದ. ತಟ್ಟೆಯಲ್ಲಿ ತುಪ್ಪದ ದೋಸೆ ಐದು. ಪಕ್ಕದಲ್ಲಿ ಒಗ್ಗರಣೆ ಅವಲಕ್ಕಿ, ಬಟ್ಟಲು ತುಂಬ ರವೆಯ ಸಜ್ಜಿಗೆ.

“ಇದು ಉಪವಾಸಾರೀ?”

“ಅನ್ನ ಇಲ್ವಲ್ಲ!” ಎಂದರು ತಾಯಿ, ಮಗ ಇಬ್ಬರೂ.

ನನಗೆ ನಗು ಉಕ್ಕಿ ಬಂತು. ಗೋಡೆ ಹಿಡಿದು ನಕ್ಕೆ. ನಮ್ಮ ಹುಬ್ಬಳ್ಳಿ ಮನೆಯಲ್ಲಿ ರೊಟ್ಟಿ ತಿಂದರೂ ಊಟವೇ, ದೋಸೆ ತಿಂದರೂ ಊಟವೇ. ಇಲ್ಲಿ ಅನ್ನ ಇದ್ದರಷ್ಟೇ ಊಟ. ‘ಊಟ ಇಲ್ಲ’ ಎಂದರೆ ಏನು ತಿಂದಿರಿ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಒಳಕೋಣೆಯಿಂದ ಮಧ್ವರಾಜರು ಕೆಮ್ಮಿದರು. ನನ್ನ ನಗು ಅಲ್ಲೇ ನಿಂತಿತು. ಎರಡು ವಾರ ದಂಡವಾಗಿ ಹೋಗಿತ್ತು.

ಅವನು ತಟ್ಟೆ ದೂಡಿದ. ಮುಖ ಬಿಳುಚಿತ್ತು. “ನಾಲ್ಕು ವಾರದಲ್ಲಿ ಇನ್ನೂ ಆರು ಕಿಲೋ ಇಳಿಸ್ಬೇಕು. ಹತ್ತು ದಿನ ಬರೀ ನೀರು ಕುಡಿದು ಇರ್ತೀನಿ.”

“ಇರಂಗಿಲ್ಲ.”

“ಅಪ್ಪ ಹೋಗ್ಬಿಟ್ರೆ? ದೋಸೆ ತಿಂದು ಅಪ್ಪನ್ನ ಕಳಕೊಂಡೆ ಅಂತ ಜೀವನವೆಲ್ಲ ಇರ್ಲಾ?”

“ತಪ್ಪು ನಂದೂ ಐತಿ, ನಾ ಕೇಳ್ಲಿಲ್ಲ. ಆದ್ರ ಉಪಾಸ ಬಿದ್ದು ನೀವ ಮಲಗಿದ್ರ ಆಪರೇಷನ್ನ ಆಗಂಗಿಲ್ಲ. ವಾರಕ್ಕ ಒಂದೇ ಕಿಲೋ. ಲಿವರಿನ ಕೊಬ್ಬು ಮೊದ್ಲು ಕರಗ್ತದ, ಒಟ್ಟು ಆರು ಕಿಲೋ ಇಳಿದ್ರೂ ಸಾಕಾಗಬಹುದು. ಅಪ್ಪಾರೂ ಉಳೀಬೇಕು, ನೀವೂ ಉಳೀಬೇಕು. ನನಗ ನೀವು ಬೇಕ್ರೀ!”

ಬಾಯಿಂದ ಬಂದೇಬಿಟ್ಟಿತು. ಜಯಲಕ್ಷ್ಮಮ್ಮ ಚಟ್ನಿ ಬಟ್ಟಲನ್ನೇ ನೋಡುತ್ತ ನಿಂತರು. “ಪೇಶೆಂಟ್ ಅಂತ” ಎಂದು ಸೇರಿಸಿದೆ.

“ಹೌದೌದು” ಎಂದ ಅವನು. ಆ ಕೆನ್ನೆಯ ಗುಳಿ ಆಗಲೇ ಬೀಳಬೇಕಿತ್ತೇ!

ಆಮೇಲಿನ ನಾಲ್ಕು ವಾರ ಹೇಗೆ ಕಳೆದೆವೋ. ಒಂಬೈನೂರು ಗ್ರಾಂ, ಒಂದು ಕಿಲೋ, ಮತ್ತೆ ಒಂಬೈನೂರು, ಕೊನೆಗೆ ಒಂದು ಕಿಲೋ. ಪ್ರತಿ ಸಂಜೆ ಅವನು ಕೆಲಸ ಮುಗಿಸಿ ಬಂದ ಮೇಲೆ ಆಸ್ಪತ್ರೆಯಿಂದ ರೈಲ್ವೆ ಸ್ಟೇಷನ್‌ವರೆಗೆ ಇಬ್ಬರೂ ನಡೆಯುತ್ತಿದ್ದೆವು. ಅವನ ಹೆಜ್ಜೆ ಓಡುತ್ತಿತ್ತು, ನಾನು ತೋಳು ಹಿಡಿದು ನಿಧಾನ ಮಾಡಿಸುತ್ತಿದ್ದೆ. ಹಿಡಿದ ಕೈಯನ್ನು ಬಿಡುವುದು ಕ್ರಮೇಣ ಮರೆತುಹೋಯಿತು. ಆದರೂ ಮನಸ್ಸಿನಲ್ಲಿದ್ದುದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಒಮ್ಮೆ ಕೇಳಿದೆ.

“ಆಪರೇಷನ್ ಟೇಬಲ್ ಮೇಲಿಂದ ಎದ್ದು ಬಂದ್ರೆ ಹೇಳ್ತೀನಿ” ಎಂದ. “ಈಗ ಹೇಳಿ ನಿಮ್ಮನ್ನ ಕಟ್ಟಿಹಾಕೋದು ನ್ಯಾಯ ಅಲ್ಲ.”

ಎಂಟನೇ ವಾರದ ಸ್ಕ್ಯಾನ್. ಒಟ್ಟು ಐದೂವರೆ ಕಿಲೋ ಇಳಿದಿತ್ತು. ಸರ್ಜನ್ ಪರದೆಯನ್ನು ಬಹಳ ಹೊತ್ತು ನೋಡಿ, “ಸಾಕು, ನಾಡಿದ್ದು ಮಾಡೋಣ” ಎಂದರು. ನಾನು ಬಾತ್‌ರೂಮಿಗೆ ಹೋಗಿ ಅತ್ತೆ.

ಆಪರೇಷನ್ ದಿನ ಬೆಳಿಗ್ಗೆ ನರ್ಸ್ ವೃಂದಾ ಎರಡು ಪಾಸ್ ತಂದಳು. ಪೇಶೆಂಟ್ ಇಬ್ಬರು, ಒಬ್ಬೊಬ್ಬರ ಜೊತೆಗೂ ನಮ್ಮವರು ಅಂತ ಒಬ್ಬ ಅಟೆಂಡರ್ ಇರಲೇಬೇಕು. ತಂದೆಯದಕ್ಕೆ ಜಯಲಕ್ಷ್ಮಮ್ಮ ಸಹಿ ಹಾಕಿದರು. ಮಗನದಕ್ಕೆ ಯಾರೂ ಇರಲಿಲ್ಲ. ನಾನು ರಜೆ ಹಾಕಿಯೇ ಬಂದಿದ್ದೆ. ಪೆನ್ನು ಇಸಿದುಕೊಂಡೆ.

ಸ್ಟ್ರೆಚರ್ ಮೇಲೆ ಮಲಗಿದ್ದವನ ಪಕ್ಕಕ್ಕೆ ಬಗ್ಗಿದೆ. “ಸಂಬಂಧ ಅಂತ ಒಂದು ಕಾಲಂ ಐತಿ. ಏನ್ ಬರೀಲಿ?”

ಅವನ ಕಣ್ಣು ತುಂಬಿತು. “ನಿನಗೆ ಏನು ಬೇಕೋ ಅದನ್ನೇ ಬರಿ, ಪಾವನಾ.”

ಸ್ಟ್ರೆಚರ್ ಒಳಗೆ ಹೋಯಿತು. ನಾನು ಬರೆದೆ. ವೃಂದಾ ಓದಿದಳು, ನನ್ನನ್ನು ನೋಡಿದಳು, ಸೀಲು ಒತ್ತಿದಳು.

ಎಂಟು ಗಂಟೆ ಕಾಲ ನಾನೂ ಜಯಲಕ್ಷ್ಮಮ್ಮನೂ ಕೈ ಹಿಡಿದು ಕೂತೆವು. ಮೊದಲು ಮಗನದು ಮುಗಿಯಿತು ಎಂದರು. ಸಂಜೆ, ತಂದೆಗೆ ಹೊಸ ಲಿವರ್ ಕೆಲಸ ಶುರು ಮಾಡಿದೆ ಎಂದರು. ಆಮೇಲೆ ಬಾಗಿಲು ತೆರೆದು ಕೂಗಿದರು, “ಗುರುಚರಣ ಅಟೆಂಡರ್ ಯಾರು? ಒಬ್ಬರೇ ಬನ್ನಿ.”

ಅವನು ಅರ್ಧ ಕಣ್ಣು ತೆರೆದ. “ಅಪ್ಪ?”

“ಆರಾಮ್ ಅದಾರ.”

ನನ್ನ ಬೆರಳು ಹಿಡಿದುಕೊಂಡ. ಆಮೇಲೆ ಕೇಳಿದ, “ಕಾಲಂನಲ್ಲಿ ಏನು ಬರೆದೆ?”

“ಹೆಂಡ್ತಿ” ಎಂದೆ. “ಸ್ವಲ್ಪ ಅವಸರ ಮಾಡಿದೆ.”