ವಿಭೂತಿ ಹಚ್ಚಿದ ಖುಸ್ರು ದೊರೆ

೧೯೯೯ರ ನವೆಂಬರ್ ೫, ಶುಕ್ರವಾರ. ವಿಲಾಯತಿಯ ಹ್ಯಾರೋ ಕಡೆಯ ಪೊಲೀಸ್ ಠಾಣೆಗೆ ಬೆಳಿಗ್ಗೆ ಬಂದ ಮೊದಲ ದೂರುದಾರರು ತಮ್ಮ ಮೇಲೆಯೇ ದೂರು ತಂದಿದ್ದರು. ಅವರ ಕನ್ನಡ ಅಲ್ಲಿ ಯಾರಿಗೂ ತಿಳಿಯದೆ, ಮಂಗಳೂರು ಮೂಲದ ಡಿಟೆಕ್ಟಿವ್ ಸಾರ್ಜೆಂಟ್ ಜೂಲಿಯನ್ ಪಿಂಟೊನನ್ನು ಕರೆಸಿದರು.

"ನನ್ನ ಒಳಗ ಹಾಕ್ರೀ ಸಾಹೇಬ್ರ," ಎಂದರು ಧಾರವಾಡದ ಕಾಶವ್ವ. "ಮಗನ ನಾಣ್ಯಾ ಕೆಡಿಸೀನಿ. ಇಲ್ಲಾಂದ್ರ ಊರಿಗೆ ಕಳಿಸ್ರಿ, ಆ ಮನ್ಯಾಗ ಇನ್ನ ಇರಾಂಗಿಲ್ಲ."

ಅವರು ಮುಂದಿಟ್ಟ ನಾಣ್ಯವನ್ನು ಜೂಲಿಯನ್ ನೋಡಿದ. ಒಂದು ಬದಿ ರೆಕ್ಕೆ ಕಿರೀಟದ ಪರ್ಷಿಯಾದ ದೊರೆ ಖುಸ್ರು. ಇನ್ನೊಂದು ಬದಿ ಅಗ್ನಿವೇದಿ, ಆಚೀಚೆ ಇಬ್ಬರು ಕಾವಲಿನವರು. ಬೆಂಕಿಯ ಜಾಗ ಕೆಂಪಗೆ ಸವೆದಿತ್ತು.

"ಎಂತ ಮಾಡಿದ್ರಿ ಅಮ್ಮ?"

"ದೀಪಾವಳಿ ಪೂಜಿಗೆ ಬೆಳ್ಳಿ ಎಲ್ಲಾ ವಿಭೂತಿ ಹಚ್ಚಿ ತಿಕ್ಕಿದ್ನಿ. ಹೋಮದ ಚಿತ್ರ ಐತಲ್ಲ ಅಂತ ಇದನ್ನೂ ತಿಕ್ಕಿದ್ನಿ. ಮಗ ಬೈದು ಆಸ್ಪತ್ರಿ ಕೆಲಸಕ್ಕ ಹೋದ."

"ಬೆಳ್ಳಿ ತಿಕ್ಕಿದ್ರೆ ಬೆಳ್ಳಗಾಗ್ಬೇಕಲ್ಲ ಅಮ್ಮ, ತಾಮ್ರ ಆಗುವುದುಂಟಾ? ಇದು ನಿಮ್ಮ ಮಗನ ನಾಣ್ಯವೇ ಅಲ್ಲ!"

ಈ ಊರಿನಲ್ಲಿ ಎಫ್‌ಐಆರ್ ಇಲ್ಲ, ಪಂಚನಾಮೆಗೆ ಪಂಚರೂ ಇಲ್ಲ. ಕ್ರೈಮ್ ರಿಪೋರ್ಟ್ ಬರೆದು ಜೂಲಿಯನ್ ಕಾನ್‌ಸ್ಟೆಬಲ್ ರೀಮಾಳೊಡನೆ ಸ್ಟ್ಯಾನ್ಮೋರ್‌ನ ಮನೆಗೆ ಹೊರಟ. ಮಗ ಡಾಕ್ಟರ್ ಸತ್ಯಪ್ರಕಾಶ ಡ್ಯೂಟಿ ಬಿಟ್ಟು ಓಡಿಬಂದ. ಹಳೆಯ ಫೋಟೊದಲ್ಲಿ ಅಸಲಿ ನಾಣ್ಯದ ಅಂಚು ಒಂದೆಡೆ ಒಡೆದಿತ್ತು. ಇದರ ಅಂಚು ಗುಂಡಗಿತ್ತು.

"ಯಾರ ಕೈಗೆ ಕೊಟ್ಟಿದ್ರಿ?"

"ನಮ್ಮ ನಾಣ್ಯ ಕ್ಲಬ್ಬಿನ ಋಷಿಕೇಶಗ, ಭಾನುವಾರ ನೋಡಾಕ ಕೊಟ್ಟಿದ್ದೆ. ನಡುವ ಫೋನ್ ಬಂತು, ಹೊರಗ ಹೋಗಿದ್ದೆ."

ಮಧ್ಯಾಹ್ನ ವಾರಂಟ್ ಹಿಡಿದು ಕೆಂಟನ್‌ನ ಫ್ಲಾಟ್‌ಗೆ ಹೋದರು. ಮೇಜಿನ ಮೇಲೆ ನೀಲಿ ಮಖಮಲ್ಲಿನಲ್ಲಿ ಖುಸ್ರು ಕೂತಿದ್ದ. ಅಂಚು ಒಡೆದಿತ್ತು.

"ಇದು ಯಾರದ್ದು?" ಎಂದ ಜೂಲಿಯನ್.

ಮೈಸೂರಿನ ಋಷಿಕೇಶ ನಾಣ್ಯವನ್ನು ಅವನ ಕಡೆ ಸರಿಸಿದ. "ನನ್ನ ಹತ್ರ ಒಂದಿದೆ ಅಂತ ಹತ್ತು ವರ್ಷದಿಂದ ಕ್ಲಬ್ಬಲ್ಲಿ ಬಡಾಯಿ ಕೊಚ್ಕೊಂಡಿದ್ದೆ ಸಾರ್. ನಾಳೆ ಪ್ರದರ್ಶನ, ತಗೊಂಡ್ಬನ್ನಿ ಅಂದ್ಬಿಟ್ರು. ನಕಲಿ ಇಟ್ಟು ಇದನ್ನ ತಗೊಂಡ್ಬಂದೆ."

ಅವನನ್ನು ಬಂಧಿಸಿದರು.

ಸಂಜೆ ಸತ್ಯಪ್ರಕಾಶ ತಾಯಿಯ ಕಾಲು ಹಿಡಿದ. "ತಪ್ಪಾತು ಯವ್ವಾ. ಹೋಗಬ್ಯಾಡ."

"ಎಲ್ಲಿಗೂ ಹೋಗಂಗಿಲ್ಲ, ಏಳೋ. ಪೂಜಿ ಯಾರು ಮಾಡಬೇಕು?" ಕಾಶವ್ವ ನಕ್ಕರು. ಕಳ್ಳನ ಕತೆ ಕೇಳಿ ಮಾತ್ರ ಅವರ ಮುಖ ಸಣ್ಣದಾಯಿತು. "ಅಯ್ಯ, ಪಾಪ! ಒಂದ ದಿನಕ್ಕ ಕೊಡು ಅಂತ ಕೇಳಿದ್ರ ನೀ ಕೊಡ್ತಿದ್ದಿಲ್ಲೇನು?"

"ಕೊಡ್ತಿದ್ದೆ," ಎಂದ ಮಗ.

ಕೇಳಬೇಕಾದರೆ, ತನ್ನ ಹತ್ತಿರ ಇಲ್ಲ ಎಂದು ಋಷಿಕೇಶ ಮೊದಲು ಒಪ್ಪಿಕೊಳ್ಳಬೇಕಿತ್ತು.